ನೆಂಟರ ಎಲೆಯೂ ನಮ್ಮ ಸಂಬಳವೂ

ಹಬ್ಬ ಹತ್ತಿರವಾದಾಗಲೆಲ್ಲ ನಮ್ಮ ಸಂಘದ ಕಚೇರಿಯಲ್ಲಿ ಒಂದು ಮಾತು ಕೇಳಿಬರುತ್ತದೆ. ಅದು ರಜೆಯ ಮಾತಲ್ಲ, ಬೋನಸಿನ ಮಾತೂ ಅಲ್ಲ, ಊಟದ ಮಾತು. "ಊರಿನಿಂದ ಬೀಗರು ಬರುವವರಿದ್ದಾರೆ. ಹತ್ತು ಜನ. ಒಂದು ಹೊತ್ತಾದರೂ ಚೆನ್ನಾಗಿ ಊಟ ಹಾಕದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಏನು ಮಾಡೋಣ?" ಈ ಪ್ರಶ್ನೆಗೆ ನಮ್ಮಲ್ಲಿ ಹಲವರು ಕಂಡುಕೊಂಡಿರುವ ಉತ್ತರ ಒಂದೇ: ಮಾಲೀಕರಲ್ಲಿ ಅಡ್ವಾನ್ಸು, ಸಿಗದಿದ್ದರೆ ಪಕ್ಕದವರಲ್ಲಿ ಕೈಸಾಲ, ಅದೂ ಇಲ್ಲದಿದ್ದರೆ ದಿನದ ಬಡ್ಡಿಯವರ ಬಾಗಿಲು. ನೆಂಟರು ಎರಡು ದಿನವಿದ್ದು ಹೋಗುತ್ತಾರೆ. ಸಾಲ ಆರು ತಿಂಗಳು ಮನೆಯಲ್ಲಿ ಕುಳಿತು ಉಣ್ಣುತ್ತದೆ.

ಬಂದವರಿಗೆ ಊಟ ಹಾಕಬಾರದೆಂದು ಹೇಳಲು ನಾವು ಈ ಲೇಖನ ಬರೆಯುತ್ತಿಲ್ಲ. ಹಾಗೆ ಹೇಳುವವರು ಬೇರೆ ಇದ್ದಾರೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಬಡವನಿಗೆ ನೆನಪಿಸುವವರ ಹಾಸಿಗೆ ಯಾವಾಗಲೂ ಉದ್ದವಾಗಿಯೇ ಇರುತ್ತದೆ. ಊರು ಬಿಟ್ಟು ಬಂದು ನಾರಾಯಣಗೂಡದ ಗಲ್ಲಿಯ ಒಂದು ಕೋಣೆಯಲ್ಲಿ ಸಂಸಾರ ಮಾಡುವವನಿಗೆ ಊರಿನ ನಂಟು ಉಳಿಸಿಕೊಳ್ಳಲು ಇರುವ ದಾರಿ ಬಂದವರಿಗೆ ಎಲೆ ಹಾಕುವುದೇ. ಅದನ್ನೂ ಬಿಡು ಎಂದರೆ ಅವನಿಗೆ ಉಳಿಯುವುದೇನು? ಊಟ ಹಾಕಬೇಕು, ಚೆನ್ನಾಗಿಯೇ ಹಾಕಬೇಕು, ಸಾಲವಿಲ್ಲದೆ ಹಾಕಬೇಕು. ಇದು ಆಗುವ ಮಾತೆಂದು ನಾವು ನಂಬಿದ್ದೇವೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಸಂಘದಲ್ಲಿ ಹೋಟೆಲು ಕೆಲಸಗಾರರೇ ಅನೇಕರು. ದಿನಕ್ಕೆ ನೂರಾರು ಜನರ ಹೊಟ್ಟೆ ತಣಿಸುವ ಕೈಗಳು ಇವು. ಆದರೂ ಮನೆಗೆ ಹತ್ತು ಜನ ಬಂದರೆ ಇದೇ ಕೈಗಳು ಗಾಬರಿಯಾಗುತ್ತವೆ. ಕಾರಣ ಸ್ಪಷ್ಟ. ದೋಸೆ ಹೊಯ್ಯುವವನು ಹತ್ತು ವರ್ಷ ದೋಸೆಯನ್ನೇ ಹೊಯ್ಯುತ್ತಾನೆ, ಸಾಂಬಾರು ಇನ್ನೊಬ್ಬರದು, ಸಿಹಿ ಮಾಡುವವರು ಮತ್ತೊಬ್ಬರು. ಸಾಮಾನು ತರುವುದೂ ಲೆಕ್ಕ ಇಡುವುದೂ ಗಲ್ಲಾದವರ ಕೆಲಸ. ಹೀಗಾಗಿ ಒಂದು ಊಟದ ಪೂರ್ತಿ ಲೆಕ್ಕ ನಮ್ಮ ಕೈಗೆ ಸಿಕ್ಕಿಲ್ಲ. ಇತ್ತ ಮನೆಯಲ್ಲಿ ನಮ್ಮ ತಾಯಂದಿರಿಗೆ ಆ ಲೆಕ್ಕ ಬಾಯಿಪಾಠ. ಆದರೆ ಅದನ್ನು ವಿದ್ಯೆಯೆಂದು ಯಾರೂ ಎಣಿಸಿಲ್ಲ. ಈ ಎರಡು ವಿದ್ಯೆಗಳನ್ನು ಕೂಡಿಸಬೇಕಾಗಿದೆ.

ಮೊದಲು ಹೋಟೆಲಿನ ಗುಟ್ಟನ್ನು ಹೇಳಿಬಿಡೋಣ. ಹೋಟೆಲಿನ ಊಟ ಭರ್ಜರಿಯಾಗಿ ಕಾಣುವುದು ಗೋಡಂಬಿಯಿಂದಲ್ಲ, ತುಪ್ಪದಿಂದಲೂ ಅಲ್ಲ. ಅಷ್ಟು ತುಪ್ಪ ಸುರಿದರೆ ಯಾವ ಮಾಲೀಕ ಉಳಿದಾನು? ಊಟ ಬಿಸಿಯಾಗಿರುತ್ತದೆ. ಒಗ್ಗರಣೆ ಬಡಿಸುವ ಹೊತ್ತಿಗೆ ಬೀಳುತ್ತದೆ. ಉಪ್ಪು, ಹುಳಿ, ಬೆಲ್ಲ ಒಂದರ ಕೈ ಒಂದು ಹಿಡಿದಿರುತ್ತವೆ. ಬಡಿಸುವುದಕ್ಕೊಂದು ಕ್ರಮವಿರುತ್ತದೆ. ಇಷ್ಟೇ. ತೆಂಗಿನಕಾಯಿ ದುಬಾರಿಯಾದ ದಿನ ಚಟ್ನಿಗೆ ಹುರಿಗಡಲೆ ಹೆಚ್ಚು ಬೀಳುತ್ತದೆ. ತಿನ್ನುವವರು ಇನ್ನೊಂದು ಸೌಟು ಕೇಳುತ್ತಾರೆ. ತುಪ್ಪವನ್ನು ಪಾತ್ರೆಯೊಳಗೆ ಹಾಕಿದರೆ ಯಾರಿಗೂ ತಿಳಿಯದು. ಅದರಲ್ಲಿ ಕಾಲು ಭಾಗವನ್ನು ಎಲೆಯ ಮೇಲೆ ಹಾಕಿದರೆ ಮನೆಯೆಲ್ಲ ಘಮಘಮಿಸುತ್ತದೆ. ಇದರಲ್ಲಿ ಮೋಸವಿಲ್ಲ. ಇರುವ ಪದಾರ್ಥಕ್ಕೆ ಅದರ ಜಾಗ ತೋರಿಸುವುದು ಅಡಿಗೆಯ ವಿದ್ಯೆ.

ನಮ್ಮ ಕನ್ನಡ ನಾಡಿನ ಹೆಸರಾದ ತಿನಿಸುಗಳಲ್ಲಿ ಕೆಲವು ಅಭಾವದಲ್ಲಿಯೇ ಹುಟ್ಟಿದವು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನಿಗರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿಗೆ ಅಕ್ಕಿ ಸಾಲದೆ ಬಂದಾಗ ರವೆಯನ್ನು ಹುರಿದು ಮೊಸರಿನಲ್ಲಿ ಕಲಸಿ ಹಬೆಯಲ್ಲಿ ಬೇಯಿಸಿದರು. ಅದೇ ರವೆ ಇಡ್ಲಿ. ಬೆಂಗಳೂರಿನಲ್ಲಿ 1924ರಲ್ಲಿ ಪ್ರಾರಂಭವಾದ ಮಾವಳ್ಳಿ ಟಿಫಿನ್ ರೂಮಿನವರು ಇದು ತಮ್ಮ ಅಡಿಗೆಮನೆಯಲ್ಲಿ ಹುಟ್ಟಿದ್ದೆಂದು ಹೇಳುತ್ತಾರೆ. ಇಂದು ಅದನ್ನು ತಿನ್ನಲು ಜನ ಸಾಲಿನಲ್ಲಿ ನಿಲ್ಲುತ್ತಾರೆ. ಅಕ್ಕಿಯಿಲ್ಲದ ದಿನದ ತಿಂಡಿ ಇದೆಂದು ಯಾರೂ ಮೂಗು ಮುರಿಯುವುದಿಲ್ಲ.

ಕಟ್ಟಿನ ಸಾರನ್ನು ನೋಡಿ. ಹೋಳಿಗೆಗೆ ಬೇಯಿಸಿದ ಬೇಳೆಯ ನೀರನ್ನು ಚೆಲ್ಲಲು ಮನಸ್ಸಾಗದ ಯಾವಳೋ ಒಬ್ಬ ತಾಯಿ ಅದಕ್ಕೆ ಹುಣಿಸೆಹಣ್ಣು, ಖಾರ, ಒಂದು ಚೂರು ಒಣಕೊಬ್ಬರಿ ಸೇರಿಸಿ ಕುದಿಸಿದ್ದಾಳು. ಇವತ್ತು ಹೋಳಿಗೆ ಇದ್ದ ಮೇಲೆ ಕಟ್ಟಿನ ಸಾರು ಇಲ್ಲವೆಂದರೆ ಊಟವೇ ಅಪೂರ್ಣ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದೂ ಕರಾವಳಿಯವರು ಹಿತ್ತಿಲಿನ ಸೊಪ್ಪನ್ನು ಮಜ್ಜಿಗೆಯಲ್ಲಿ ಅರೆದು ತಂಬುಳಿ ಮಾಡುವುದೂ ಇದೇ ಜಾತಿಯ ಜಾಣ್ಮೆ. ಇವನ್ನು ಬಡತನದ ಅಡಿಗೆಯೆಂದು ಕರೆಯುವುದು ತಪ್ಪು. ಇವು ಬುದ್ಧಿಯ ಅಡಿಗೆ.

ಈ ಊರಿನ ಕನ್ನಡಿಗರಿಗೆ ಮತ್ತೊಂದು ಭಾಗ್ಯವುಂಟು. ಕಲಬುರಗಿ, ರಾಯಚೂರು, ಬೀದರ್ ಸೀಮೆಗಳು ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಹೋದವು. ಈ ನಗರ ಆಂಧ್ರಪ್ರದೇಶದಲ್ಲಿ ಉಳಿದು, 2014ರಲ್ಲಿ ತೆಲಂಗಾಣದ ರಾಜಧಾನಿಯಾಯಿತು. ಗಡಿ ಬದಲಾದರೂ ಆ ಕಡೆಯ ಜನ ಇಲ್ಲಿಗೆ ಬರುವುದು ನಿಲ್ಲಲಿಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದವರೂ ಇಲ್ಲಿಯೇ ನೆಲೆಸಿದರು. ಹೀಗೆ ತೆಂಗು, ಅಕ್ಕಿಯ ಅಡಿಗೆ ಬಲ್ಲವರು ಒಂದು ಬಾಗಿಲಿನಲ್ಲಿದ್ದರೆ ಜೋಳ, ಶೇಂಗಾದ ಅಡಿಗೆ ಬಲ್ಲವರು ಎದುರು ಬಾಗಿಲಿನಲ್ಲಿದ್ದಾರೆ. ಆದರೆ ಕರಾವಳಿಯವರು ಇಂದಿಗೂ ನೆಂಟರು ಬಂದರೆ ಆರು ತೆಂಗಿನಕಾಯಿ ಕೊಳ್ಳಲು ಓಡುತ್ತಾರೆ. ಊರಿನಲ್ಲಿ ಕಾಯಿ ಹಿತ್ತಿಲಿನದು. ಇಲ್ಲಿ ಪ್ರತಿ ಕಾಯಿಗೂ ಕಾಸು. ಹುರಿದ ಶೇಂಗಾ, ಎಳ್ಳು, ಗುರೆಳ್ಳು ಅರೆದು ಹಾಕಿದರೆ ಪಲ್ಯಕ್ಕೆ ಎಂಥ ಮೈ ಬರುತ್ತದೆಂಬುದನ್ನು ಅವರು ಕಲಬುರಗಿಯ ಅಕ್ಕಂದಿರನ್ನು ಕೇಳಿ ಕಲಿಯಲಿ. ಹಾಗೆಯೇ ರುಬ್ಬಿದ ಹಿಟ್ಟಿನ ಹದ, ಸಾರಿನ ತಿಳಿಯನ್ನು ಇವರು ಅವರಿಂದ ಕಲಿಯಲಿ.

ಮಾತಿನಿಂದ ಹೊಟ್ಟೆ ತುಂಬದು. ಆದುದರಿಂದ ಹತ್ತು ಜನರ ಒಂದು ಹಬ್ಬದೂಟದ ಅಳತೆಯನ್ನು ಕೊಡುತ್ತಿದ್ದೇವೆ. ಬೆಲೆ ದಿನಕ್ಕೊಂದು ಬಗೆ, ಅಂಗಡಿಗೊಂದು ಬಗೆ; ಅಳತೆ ಮಾತ್ರ ಬದಲಾಗದು. ಅವರವರ ಬೀದಿಯ ಬೆಲೆ ಹಾಕಿ ಕೂಡಿಕೊಳ್ಳಿ.

ಹೋಳಿಗೆ: ಕಡಲೆಬೇಳೆ ಅರ್ಧ ಕಿಲೋ, ಬೆಲ್ಲ ಅರ್ಧ ಕಿಲೋ, ಮೈದಾ ಅಥವಾ ಸಣ್ಣ ಗೋಧಿಹಿಟ್ಟು ಅರ್ಧ ಕಿಲೋ, ಏಲಕ್ಕಿ ನಾಲ್ಕು. ಬೇಳೆಯನ್ನು ಒಂದು ಗಂಟೆ ನೆನೆಸಿದರೆ ಗ್ಯಾಸು ಉಳಿಯುತ್ತದೆ. ಬೆರಳಲ್ಲಿ ಒತ್ತಿದರೆ ಒಡೆಯುವಷ್ಟು ಬೇಯಬೇಕು, ಗಂಜಿಯಾಗಬಾರದು. ನೀರು ಬಸಿದು ಇಟ್ಟುಕೊಳ್ಳಿ. ಬೇಳೆಗೆ ಬೆಲ್ಲ ಹಾಕಿ, ಸೌಟು ನೆಟ್ಟಗೆ ನಿಲ್ಲುವತನಕ ಕಾಯಿಸಿ ರುಬ್ಬಿದರೆ ಹೂರಣ. ಕಣಕವನ್ನು ಹಿಂದಿನಿಂದ ಎಣ್ಣೆ ಹಾಕುತ್ತ ಚೆನ್ನಾಗಿ ನಾದಿ ಎರಡು ಗಂಟೆ ಬಿಡಿ. ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಹೋಳಿಗೆ ಆಗುತ್ತವೆ. ಹೂರಣಕ್ಕೆ ತುಪ್ಪ ಬೇಡ. ನೂರು ಗ್ರಾಂ ತುಪ್ಪ ತಂದು ಬಡಿಸುವಾಗ ಒಂದೊಂದು ಚಮಚ ಮೇಲೆ ಹಾಕಿ.

ಕಟ್ಟಿನ ಸಾರು: ಬಸಿದ ನೀರಿಗೆ ಒಂದು ಹಿಡಿ ಬೆಂದ ಬೇಳೆ, ಸುಟ್ಟ ಈರುಳ್ಳಿ ಒಂದು, ಕೊತ್ತಂಬರಿ, ಜೀರಿಗೆ, ಎರಡು ಲವಂಗ, ಒಂದು ಚೂರು ಚಕ್ಕೆ, ಎರಡು ಬೆರಳಗಲ ಒಣಕೊಬ್ಬರಿ ಅರೆದು ಹಾಕಿ. ನಿಂಬೆಗಾತ್ರದ ಹುಣಿಸೆಹಣ್ಣು, ಚಿಟಿಕೆ ಬೆಲ್ಲ. ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆಯನ್ನು ಊಟಕ್ಕೆ ಕುಳಿತ ಮೇಲೆ ಹಾಕಿ. ಮುಂಚೆ ಹಾಕಿದರೆ ಪರಿಮಳ ಗೋಡೆಗೆ ಹೋಗುತ್ತದೆ.

ಎಣ್ಣೆಗಾಯಿ: ಎಳೆಯ ಬದನೆಕಾಯಿ ಒಂದು ಕಿಲೋ, ಹುರಿದ ಶೇಂಗಾ ನೂರೈವತ್ತು ಗ್ರಾಂ, ಹುರಿದ ಗುರೆಳ್ಳು ಅಥವಾ ಎಳ್ಳು ಮೂರು ಚಮಚ, ಖಾರದ ಪುಡಿ, ಹುಣಿಸೆ, ಬೆಲ್ಲ, ಈರುಳ್ಳಿ. ಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ ಮಸಾಲೆ ತುಂಬಿ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಕೊನೆಗೆ ಎಣ್ಣೆ ತಾನೇ ಮೇಲೆ ಬಂದು ನಿಂತರೆ ಹದ ಬಂತೆಂದು ತಿಳಿಯಬೇಕು.

ಪುಂಡಿಪಲ್ಯ: ಇಲ್ಲಿ ಗೋಂಗೂರ ಎಂದರೆ ಯಾವ ತರಕಾರಿಯವಳೂ ಕೊಡುತ್ತಾಳೆ. ನಾಲ್ಕು ಕಟ್ಟು ಸೊಪ್ಪು, ಒಂದು ಹಿಡಿ ಬೇಳೆ, ಒಂದು ಹಿಡಿ ಜೋಳದ ನುಚ್ಚು, ಇಲ್ಲವಾದರೆ ಅಕ್ಕಿ ನುಚ್ಚು, ಹಸಿಮೆಣಸಿನಕಾಯಿ. ಕೂಡಿಸಿ ಬೇಯಿಸಿ ಮಸೆದು ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಇದರ ಪಕ್ಕಕ್ಕೆ ಇನ್ನೂರು ಗ್ರಾಂ ಹೆಸರುಬೇಳೆ, ಎರಡು ಸೌತೆಕಾಯಿ, ಒಂದು ನಿಂಬೆಹಣ್ಣಿನ ಕೋಸಂಬರಿ. ಅದಕ್ಕೆ ಬೆಂಕಿಯ ಖರ್ಚೂ ಇಲ್ಲ. ಒಂದು ಲೀಟರ್ ಹಾಲು ಹೆಪ್ಪು ಹಾಕಿದರೆ ಶುಂಠಿ, ಕರಿಬೇವಿನ ಮಜ್ಜಿಗೆ ಹತ್ತು ಲೋಟಕ್ಕೆ ಮೀರಿ ಆಗುತ್ತದೆ.

ಜೋಳದ ವಿಷಯದಲ್ಲಿ ಒಂದು ನಿಜ ಹೇಳಬೇಕು. ಹಿಂದೆ ಅದು ಬಡವರ ಕಾಳು. ಈಗ ಸಕ್ಕರೆ ಕಾಯಿಲೆಯ ಶ್ರೀಮಂತರೂ ಅದನ್ನೇ ಹುಡುಕುತ್ತಿರುವುದರಿಂದ ಪಡಿತರದ ಅಕ್ಕಿಗಿಂತ ಜೋಳವೇ ದುಬಾರಿ. ಇಲ್ಲಿನ ಪಡಿತರದಲ್ಲಿ 2025ರ ಯುಗಾದಿಯಿಂದ ಸಣ್ಣಕ್ಕಿಯನ್ನೇ ತಲೆಗೆ 6 ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದಾರೆ. ಆದುದರಿಂದ ಮುಕ್ಕಾಲು ಕಿಲೋ ಜೋಳದ ಹಿಟ್ಟಿನಲ್ಲಿ ತಲೆಗೊಂದು ರೊಟ್ಟಿ ಬಡಿದು, ಉಳಿದುದಕ್ಕೆ ಒಂದು ಕಿಲೋ ಅನ್ನ ಮಾಡಿದರೆ ಸಾಕು. ಬಿಸಿ ರೊಟ್ಟಿ ಒಂದೇ ಆದರೂ ಎಲೆಗೆ ಕಳೆ ಬರುತ್ತದೆ.

ಮಾಂಸ ಉಣ್ಣುವ ಮನೆಗಳವರು ಹತ್ತು ಪೊಟ್ಟಣ ಬಿರಿಯಾನಿ ತರಿಸಿ ಕಿಸೆ ಖಾಲಿ ಮಾಡಿಕೊಳ್ಳಬೇಕಾಗಿಲ್ಲ. ಈ ಹೈದರಾಬಾದಿನದೇ ಆದ ದಾಲ್ಚಾ ಇದೆ. ಮೂಳೆ ಕೂಡಿದ ಮಾಂಸ ಅರ್ಧ ಕಿಲೋ, ಕಡಲೆಬೇಳೆ ಮುನ್ನೂರು ಗ್ರಾಂ, ಒಂದು ಸೋರೆಕಾಯಿ, ಹುಣಿಸೆಹಣ್ಣು. ಮಾಂಸದ ರಸವನ್ನೆಲ್ಲ ಬೇಳೆ ಹೀರಿ ಹತ್ತು ಜನಕ್ಕೂ ಮುಟ್ಟಿಸುತ್ತದೆ. ಚಕ್ಕೆ, ಲವಂಗ, ಪುದೀನ ಹಾಕಿದ ಬಗಾರ ಅನ್ನ ಜೊತೆಗಿದ್ದರೆ ತೆಲಂಗಾಣದ ಯಾವ ಮದುವೆಮನೆಗೂ ಕಡಿಮೆಯಿಲ್ಲ.

ಸಾಮಾನು ತರುವುದರಲ್ಲಿಯೂ ಒಗ್ಗಟ್ಟು ಬೇಕು. ಬೇಳೆ, ಬೆಲ್ಲ, ಮಸಾಲೆಗಳನ್ನು ನಾಲ್ಕು ಮನೆಯವರು ಕೂಡಿ ಬೇಗಂಬಜಾರಿನ ಸಗಟು ಅಂಗಡಿಯಿಂದ ತಂದು ಹಂಚಿಕೊಂಡರೆ ಗಲ್ಲಿಯ ಅಂಗಡಿಗೆ ತೆರುವುದರಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ತರಕಾರಿಗೆ ರೈತು ಬಜಾರುಗಳಿವೆ. ರೈತರು ನೇರವಾಗಿ ಮಾರಲೆಂದು 1999ರಲ್ಲಿ ಇವು ಪ್ರಾರಂಭವಾದವು. ದೊಡ್ಡ ಪಾತ್ರೆಯನ್ನೂ ಕೊಳ್ಳಬೇಡಿ. ಗಲ್ಲಿಗೊಂದು ಕೊಪ್ಪರಿಗೆ, ಎರಡು ದೊಡ್ಡ ಬಾಣಲೆ ಇಟ್ಟುಕೊಂಡು ಬೇಕಾದವರು ಬಳಸಿದರಾಯಿತು.

ಇನ್ನು ಮನೆಯೊಳಗಿನ ಮಾತು. ಹೂರಣ ರುಬ್ಬುವವರು ಯಾರು, ರೊಟ್ಟಿ ಬಡಿಯುವವರು ಯಾರು? ಖರ್ಚು ಕಡಿಮೆಯಾದಷ್ಟೂ ಕೆಲಸ ಹೆಚ್ಚುತ್ತದೆ. ಆ ಕೆಲಸವೆಲ್ಲ ಹೆಂಗಸರ ಹೆಗಲಿಗೆ ಬಿದ್ದರೆ ನಾವು ಉಳಿಸಿದ್ದೇನು? ಅವರ ಬೆವರನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟೆವು, ಅಷ್ಟೇ. ಅವರಲ್ಲಿ ಅನೇಕರು ಹೊರಗೂ ದುಡಿದು ಬರುತ್ತಾರೆ. ಹೋಟೆಲಿನಲ್ಲಿ ಸಂಬಳಕ್ಕೆ ಸೌಟು ಹಿಡಿಯುವ ಗಂಡಸಿಗೆ ತನ್ನ ಮನೆಯಲ್ಲಿ ಅದೇ ಸೌಟು ಹಿಡಿಯಲು ನಾಚಿಕೆಯೇಕೆ? ನೆಂಟರು ಬಂದ ದಿನ ಬಡಿಸುವ ಕೆಲಸ, ಪಾತ್ರೆಯ ಕೆಲಸ ಗಂಡಸರದಾಗಲಿ. ಅದಕ್ಕಿಂತ ದೊಡ್ಡ ಉಪಚಾರ ಬೇರೆಯಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. "ಕಡಿಮೆ ದುಡ್ಡಿನಲ್ಲಿ ಇಷ್ಟು ಚೆನ್ನಾಗಿ ಉಣ್ಣಬಹುದಾದರೆ ನಿಮಗೆ ಹೆಚ್ಚು ಸಂಬಳವೇಕೆ?" ಎಂದು ಕೇಳುವ ಮಾಲೀಕರು ಇಲ್ಲದಿಲ್ಲ. ಈ ಲೇಖನವನ್ನೇ ಹಿಡಿದು ಕೇಳಿಯಾರು. ಅವರಿಗೆ ಉತ್ತರ ನಮ್ಮ ಊರಿನಲ್ಲಿಯೇ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಬಳಿ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. ಅದು ಮೊದಲು ನೀಲಗಿರಿಯ ಕೂನೂರಿನಲ್ಲಿತ್ತು. 1958ರಲ್ಲಿ ಹೈದರಾಬಾದಿಗೆ ಬಂತು. ಕೂನೂರಿನಲ್ಲಿದ್ದಾಗ ಅದರ ನಿರ್ದೇಶಕರಾಗಿದ್ದ ಡಾಕ್ಟರ್ ಐಕ್ರಾಯ್ಡ್ ಅವರು ನಮ್ಮ ದೇಶದ ಕಾಳು, ಬೇಳೆ, ಸೊಪ್ಪುಗಳ ಸತ್ವವನ್ನು ಅಳೆದು, ಸಾಮಾನ್ಯರ ಊಟ ಹೇಗಿರಬೇಕೆಂದು 1937ರಲ್ಲಿ ಒಂದು ಪುಸ್ತಿಕೆ ಹೊರಡಿಸಿದರು. ಅಂದರೆ ಅಗ್ಗದಲ್ಲಿ ಒಳ್ಳೆಯ ಊಟ ಹೇಗೆ ಎಂಬ ಪ್ರಶ್ನೆಯನ್ನೇ ಅವರೂ ಹಿಡಿದಿದ್ದರು.

ಆ ಕೆಲಸ ಎಲ್ಲಿಗೆ ಮುಟ್ಟಿತು ನೋಡಿ. 1957ರ ಜುಲೈಯಲ್ಲಿ ದೆಹಲಿಯಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕೂಡಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಅಗತ್ಯಕ್ಕೆ ತಕ್ಕ ಕನಿಷ್ಠ ಸಂಬಳದ ಲೆಕ್ಕವನ್ನು ಒಪ್ಪಿದರು. ಒಬ್ಬ ದುಡಿಯುವವನ ಹಿಂದೆ ಮೂರು ಪಾಲಿನ ಊಟ, ಪಾಲೊಂದಕ್ಕೆ ಐಕ್ರಾಯ್ಡ್ ಹೇಳಿದಂತೆ ದಿನಕ್ಕೆ 2700 ಕ್ಯಾಲೊರಿ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ ಬೇರೆ, ಸೌದೆ, ದೀಪ ಮುಂತಾದವಕ್ಕೆ ಒಟ್ಟು ಸಂಬಳದ ನೂರಕ್ಕೆ 20 ಪಾಲು. ಮೂವತ್ತನಾಲ್ಕು ವರ್ಷದ ಮೇಲೆ, 1991ರಲ್ಲಿ, ಸರ್ವೋಚ್ಚ ನ್ಯಾಯಾಲಯವು ರೆಪ್ಟಾಕೋಸ್ ಬ್ರೆಟ್ ಕಂಪೆನಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರಿಸಿತು. ಮಕ್ಕಳ ಓದು, ಔಷಧ, ಹಬ್ಬ ಹರಿದಿನ ಸೇರಿದ ಮನರಂಜನೆ, ಮುಪ್ಪು, ಮದುವೆ ಇವುಗಳಿಗೆಂದು ನೂರಕ್ಕೆ 25 ಪಾಲು ಕನಿಷ್ಠ ಸಂಬಳದಲ್ಲಿ ಇರಲೇಬೇಕೆಂದು ಹೇಳಿತು.

ಗಮನವಿಟ್ಟು ಓದಿ, ಬಂಧುಗಳೇ. ಹಬ್ಬವೂ ಸಮಾರಂಭವೂ ಕನಿಷ್ಠ ಸಂಬಳದ ಅಂಗವೆಂದು ದೇಶದ ಅತಿ ದೊಡ್ಡ ನ್ಯಾಯಾಲಯವೇ ಒಪ್ಪಿದೆ. ನೆಂಟರಿಗೆ ಹಾಕುವ ಎಲೆ ಕಾರ್ಮಿಕನ ದುಂದುಗಾರಿಕೆಯಲ್ಲ, ಅವನ ದುಡಿಮೆಯೊಳಗಿನ ಹಕ್ಕು. ಅಡ್ವಾನ್ಸು ಕೊಟ್ಟು ಉಪಕಾರ ಮಾಡಿದೆವೆನ್ನುವವರು ಮೊದಲು ಈ ಪಾಲನ್ನು ಸಂಬಳದಲ್ಲಿ ಸೇರಿಸಲಿ. ನಮ್ಮ ತಾಯಂದಿರ ಜಾಣ್ಮೆಯಿಂದ ಉಳಿದ ದುಡ್ಡು ನಮ್ಮ ಮಕ್ಕಳ ಪುಸ್ತಕಕ್ಕೆ ಹೋಗತಕ್ಕದ್ದು. ಮಾಲೀಕರ ಗಲ್ಲಾಕ್ಕೆ ಹೋಗತಕ್ಕದ್ದಲ್ಲ. ಸಂಬಳ ಕೇಳುವುದನ್ನೂ ನಿಲ್ಲಿಸಬಾರದು, ಹೂರಣ ರುಬ್ಬುವುದನ್ನೂ ನಿಲ್ಲಿಸಬಾರದು.

ಆದುದರಿಂದ ಸಂಘದ ಪರವಾಗಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ ಕಡಿಮೆ ಖರ್ಚಿನಲ್ಲಿ ನೆಂಟರು ಮೆಚ್ಚುವಂತೆ ಮಾಡುವ ಒಂದೊಂದು ಅಡಿಗೆಯನ್ನು ಬರೆದುಕೊಡಿ. ಎಷ್ಟು ಜನಕ್ಕೆ ಎಂಬುದು ಮೊದಲು ಇರಲಿ. ಅಳತೆ ಸರಿಯಾಗಿರಲಿ, "ರುಚಿಗೆ ತಕ್ಕಷ್ಟು" ಎಂದು ಬರೆದರೆ ಹೊಸಬರಿಗೆ ಏನು ತಿಳಿದೀತು? ಎಷ್ಟು ಹೊತ್ತು ಉರಿ ಬೇಕು, ಯಾವ ಸಾಮಾನು ಸಿಗದಿದ್ದರೆ ಏನು ಹಾಕಬಹುದು ಎಂಬುದನ್ನೂ ಬರೆಯಿರಿ. ಕಲಿಸಿದವರು ಅಮ್ಮನೋ ಅತ್ತೆಯೋ ಹೋಟೆಲಿನ ಹಿರಿಯ ಅಡಿಗೆಯವರೋ, ಅದನ್ನೂ ತಿಳಿಸಿ. ಬರೆಯಲು ಬಾರದವರು ಸಂಕೋಚಪಡದೆ ಸಂಜೆ ಕಚೇರಿಗೆ ಬಂದು ಹೇಳಲಿ. ನಾವು ಕುಳಿತು ಬರೆದುಕೊಳ್ಳುತ್ತೇವೆ. ತಿಂಗಳಿಗೊಂದರಂತೆ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಮುಂದಿನ ಹಬ್ಬಕ್ಕೆ ನಮ್ಮ ಒಬ್ಬ ಸದಸ್ಯನೂ ಒಂದು ಹೊತ್ತಿನ ಊಟಕ್ಕಾಗಿ ಬಡ್ಡಿಯವನ ಬಾಗಿಲು ತಟ್ಟದಂತಾದರೆ, ಈ ಕೆಲಸ ಸಾರ್ಥಕ.